ಮಗಳ ಬದುಕು ನೆನಪಾಗುತ್ತಿಲ್ಲ, ಆಸ್ಪತ್ರೆಯಷ್ಟೇ ನೆನಪಾಗುತ್ತಿದೆ

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯವಳು. ವಯಸ್ಸು 63. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆಗಿದ್ದೇನೆ. ಹೋದ ವರ್ಷ ಆಷಾಢದಲ್ಲಿ ನನ್ನ ಮಗಳು ತೀರಿಕೊಂಡಳು. ಅವಳಿಗೆ 36 ವರ್ಷ. ಅಂಡಾಶಯದ ಕ್ಯಾನ್ಸರ್. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಳು. ಅಳಿಯ, ಎಂಟು ವರ್ಷದ ಮೊಮ್ಮಗಳು ಅಲ್ಲೇ ಇದ್ದಾರೆ. ಮೊಮ್ಮಗಳಿಗಾಗಿ ಮಗಳ ಬದುಕನ್ನು ಬರೆದಿಡಬೇಕು ಅಂತ ಕೂತರೆ ಕೊನೆಯ ಮೂರು ತಿಂಗಳ ಆಸ್ಪತ್ರೆ ಬಿಟ್ಟು ಬೇರೇನೂ ನೆನಪಿಗೆ ಬರುವುದಿಲ್ಲ. ಅವಳ ದನಿ ಕೂಡ ಮರೆಯುತ್ತಿದೆ. ಹೊಟ್ಟೆ ಉಬ್ಬರ ಅಂದಾಗ 'ಗ್ಯಾಸ್ಟ್ರಿಕ್ ಇರಬೇಕು, ಜೀರಿಗೆ ನೀರು ಕುಡಿ' ಅಂದವಳು ನಾನೇ. ಅವಳ ಹೆಸರೆತ್ತಿದರೆ ಮನೆಗೆ ಬಂದವರು ಮಾತು ಬದಲಿಸುತ್ತಾರೆ. 'ಮುತ್ತೈದೆಯಾಗಿ ಹೋದಳು, ಪುಣ್ಯವಂತೆ' ಅನ್ನುತ್ತಾರೆ. ನಮ್ಮ ಯಜಮಾನರು ಅವಳ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆದರೆ ಅವಳು ಕಾಲೇಜಿಗೆ ಹೋಗುತ್ತಿದ್ದ ಸ್ಕೂಟಿಯನ್ನು ಪ್ರತಿ ಭಾನುವಾರ ಸ್ಟಾರ್ಟ್ ಮಾಡಿ, ಐದು ನಿಮಿಷ ಬಿಟ್ಟು ಆಫ್ ಮಾಡುತ್ತಾರೆ. ಈಗ ಪಕ್ಷ ಬರುತ್ತಿದೆ. ಕೊಟ್ಟ ಹೆಣ್ಣಿಗೆ ತವರಲ್ಲಿ ಎಡೆ ಇಡುವಂತಿಲ್ಲ ಅನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಓದುವಾಗ ನಿಮ್ಮ ಪ್ರಶ್ನೆಗಳ ಮೇಲೇ ಗಮನವಿತ್ತು. ಎರಡನೇ ಸಲ ಓದುವಾಗ ಆ ಸ್ಕೂಟಿಯ ಹತ್ತಿರವೇ ನಿಂತುಬಿಟ್ಟೆ. ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ತುರ್ತಿನದು. ಬರೆಯುವುದು, ಎಡೆ ಇಡುವುದು, ಇವೆಲ್ಲ ಒಂದೆರಡು ವಾರ ಕಾಯುತ್ತವೆ. ಫೋನಿನೊಳಗೆ ಇರುವುದು ಕಾಯುವುದಿಲ್ಲ. ಮಗಳು ನಿಮಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳಲ್ವಾ? ಅವು ನಿಮ್ಮ ಫೋನಿನಲ್ಲಿ ಇನ್ನೂ ಇರುತ್ತವೆ, ನೀವಾಗಿ ಅಳಿಸದಿದ್ದರೆ. ಆದರೆ ಫೋನ್ ಕೆಳಗೆ ಬಿದ್ದು ಒಡೆಯಬಹುದು. ಇಲ್ಲವೇ 'ಸ್ಟೋರೇಜ್ ಫುಲ್ ಆಗಿದೆ' ಅಂತ ಯಾರೋ ಹುಡುಗ ಒಳ್ಳೆಯದೇ ಮಾಡಲು ಹೋಗಿ ಎಲ್ಲ ಗುಡಿಸಿ ಹಾಕಬಹುದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಗೊತ್ತಿರುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೊಂದೇ ಮೆಸೇಜನ್ನು ಒತ್ತಿ ಹಿಡಿದು, ಶೇರ್ ಮಾಡಿ, ಇಮೇಲ್‌ಗೋ ಡ್ರೈವ್‌ಗೋ ಹಾಕಿಸಿ. ಮತ್ತೊಂದು ಪ್ರತಿ ಪೆನ್ ಡ್ರೈವ್‌ನಲ್ಲಿರಲಿ. ಎರಡು ಕಡೆ ಇದ್ದರೆ ಮಾತ್ರ ಇದೆ ಅಂತ ಲೆಕ್ಕ.

ಅವಳ ಗೂಗಲ್ ಖಾತೆಯ ವಿಷಯವೂ ಹೀಗೇ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಬಹುದು, ಅದರೊಳಗಿನ ಫೋಟೋಗಳ ಸಮೇತ. ಮಗಳು ಹೋಗಿ ಹದಿನಾಲ್ಕು ತಿಂಗಳಾಯಿತು. ಅಳಿಯನಿಗೆ ಇವತ್ತೇ ಒಂದು ಫೋನ್ ಮಾಡಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ, ತೀರಿಕೊಂಡವರ ಖಾತೆಗಾಗಿ ಮನೆಯವರು ಅರ್ಜಿ ಹಾಕಲು ಗೂಗಲ್ಲೇ ಒಂದು ದಾರಿ ಇಟ್ಟಿದೆ. ಅದಕ್ಕೆ ಮರಣ ಪ್ರಮಾಣಪತ್ರ ಬೇಕಾಗುತ್ತದೆ. ಅವಳ ಸಿಮ್‌ಗೆ ಯಾರಾದರೂ ರೀಚಾರ್ಜ್ ಮಾಡಿಸುತ್ತಿದ್ದಾರಾ, ಅದನ್ನೂ ಕೇಳಿ. ಬಳಸದೆ 90 ದಿನ ಬಿಟ್ಟ ಪ್ರೀಪೇಯ್ಡ್ ನಂಬರನ್ನು ಕಂಪನಿಯವರು ನಿಲ್ಲಿಸಬಹುದು. ಆಮೇಲೆ ಅದು ಬೇರೆಯವರ ಕೈಗೆ ಹೋಗುತ್ತದೆ. ಒಂದು ದಿನ ನೀವು ಸುಮ್ನೆ ಆ ನಂಬರಿಗೆ ಒತ್ತಿದಾಗ ಯಾರೋ ಗೊತ್ತಿಲ್ಲದ ಗಂಡಸು 'ಹಲೋ' ಅನ್ನಬಾರದು.

ಇನ್ನು ದನಿ ಮರೆಯುತ್ತಿದೆ ಅಂದಿರಿ. ದನಿಯನ್ನು ತಲೆಯೊಳಗೆ ತಾನಾಗೇ ಕೇಳಿಸಿಕೊಳ್ಳುವುದು ಎಲ್ಲರಿಗೂ ಕಷ್ಟ. ಆದರೆ ಕೇಳಿದ ಕೂಡಲೇ ಗುರುತಿಸುವುದು ಬೇರೆ ಶಕ್ತಿ, ಅದು ಅಷ್ಟು ಬೇಗ ಹೋಗುವುದಿಲ್ಲ. ನೂರು ಜನ ಮಾತಾಡುತ್ತಿದ್ದರೂ ಅವಳ ಒಂದು 'ಅಮ್ಮಾ' ನಿಮಗೆ ಗೊತ್ತಾಗುತ್ತದೆ. ಆ ಮೆಸೇಜುಗಳನ್ನು ದಿನಾ ಕೇಳಲೇಬೇಕು ಅಂತಿಲ್ಲ. ಕೇಳಲು ಧೈರ್ಯ ಬಾರದಿದ್ದರೆ ಬೇಡ. ಇಟ್ಟಿರಿ, ಅಷ್ಟೇ.

ಆಸ್ಪತ್ರೆಯೇ ಯಾಕೆ ಮುಂದೆ ಬಂದು ನಿಲ್ಲುತ್ತದೆ ಎಂಬುದನ್ನು ಈಗ ನೋಡೋಣ. ನೀವು ಟೀಚರ್ ಆಗಿದ್ದವರು, ನಿಮಗಿದು ಬೇಗ ಅರ್ಥವಾಗುತ್ತದೆ. ಅತಿಯಾದ ಭಯದ ಹೊತ್ತಿನಲ್ಲಿ ನಡೆದದ್ದನ್ನು ಮಿದುಳು ಗಟ್ಟಿಯಾಗಿ ಬರೆದುಕೊಳ್ಳುತ್ತದೆ. ಡ್ರಿಪ್ಪಿನ ಸ್ಟ್ಯಾಂಡು, ಡಾಕ್ಟರ್ ಬಾಗಿಲ ಹೊರಗೆ ನಿಂತು ಇಳಿದ ದನಿಯಲ್ಲಿ ಹೇಳಿದ ಮಾತು, ಕ್ಯಾಂಟೀನಿನ ತಣ್ಣನೆ ಇಡ್ಲಿ, ಎಲ್ಲವೂ ಅಚ್ಚೊತ್ತಿದ ಹಾಗೆ. ಅದರ ಹಿಂದಿನ 36 ವರ್ಷ ಭಯವಿಲ್ಲದೆ ಕಳೆದದ್ದು. ಸಾಧಾರಣ ದಿನಗಳು. ಅವು ಅಳಿಸಿಲ್ಲ, ಆದರೆ ತಾವಾಗಿ ಎದ್ದು ಬರುವುದಿಲ್ಲ. ಒಂದೊಂದಕ್ಕೂ ಒಂದೊಂದು ಕೀಲಿ ಬೇಕು. ಒಂದು ವಾಸನೆ, ಒಂದು ವಸ್ತು, ಇನ್ನೊಬ್ಬರ ಒಂದು ಮಾತು. ಖಾಲಿ ನೋಟ್‌ಬುಕ್ ಮುಂದೆ ಕೂತು 'ನನ್ನ ಮಗಳು ಇಂಥ ದಿನ ಹುಟ್ಟಿದಳು' ಅಂತ ಶುರು ಮಾಡಿದರೆ ಕೀಲಿಯಿಲ್ಲದೆ ಬೀರು ತೆಗೆಯಲು ಹೋದಂತೆ. ತೆರೆದೇ ಇರುವ ಬಾಗಿಲು ಒಂದೇ, ಆಸ್ಪತ್ರೆಯದು. ಎಲ್ಲರೂ ಅದರೊಳಗೇ ಹೋಗಿ ಸಿಕ್ಕಿಕೊಳ್ಳುತ್ತಾರೆ.

ಹಾಗಾದರೆ ಆಸ್ಪತ್ರೆಯನ್ನೇ ಮೊದಲು ಬರೆದುಬಿಡಿ. ಬೇರೆ ನೋಟ್‌ಬುಕ್‌ನಲ್ಲಿ. ಇದನ್ನು ಮೊಮ್ಮಗಳಿಗೆ ಕೊಡುವುದು ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಬೇಕರ್ 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಕೊರೆಯುವ ವಿಷಯವನ್ನು ತಡೆಯಿಲ್ಲದೆ ಬರೆಯಲು ಹೇಳಿದ್ದರು. ಆ ಪದ್ಧತಿ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಇದು ದುಃಖಕ್ಕೆ ಮದ್ದು ಅಂತ ನಾನು ಹೇಳುವುದಿಲ್ಲ. ಮಕ್ಕಳನ್ನು ಕಳೆದುಕೊಂಡವರಿಗೆ ನಾಲ್ಕು ದಿನದ ಬರವಣಿಗೆಯಿಂದ ಏನೂ 'ಗುಣ' ಆಗುವುದಿಲ್ಲ. ಆದರೆ ಆ ಮೂರು ತಿಂಗಳಿಗೂ ಒಂದು ಜಾಗ ಸಿಗುತ್ತದೆ. ಬರೆದು, ಮುಚ್ಚಿ, ಬೀರುವಿನ ಮೇಲಿನ ಅರೆಯಲ್ಲಿಡಿ. ಗಡಿಯಾರ ನೋಡಿಕೊಂಡೇ ಬರೆಯಿರಿ. ಹದಿನೈದು ನಿಮಿಷವಾದ ಮೇಲೆ ಎದ್ದು ಒಲೆ ಹಚ್ಚಿ, ಕಾಫಿಗೆ ನೀರಿಡಿ.

ಆ ಜೀರಿಗೆ ನೀರಿನ ಮಾತೂ ಆ ನೋಟ್‌ಬುಕ್‌ನಲ್ಲೇ ಬರಲಿ. ಅದರ ಬಗ್ಗೆ ನಾನೂ ಎರಡು ಮಾತು ಹೇಳಬೇಕು. ಅಂಡಾಶಯದ ಕ್ಯಾನ್ಸರಿನ ಮೊದಲ ಲಕ್ಷಣಗಳೇ ಹಾಗೆ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸುವುದು, ಸೊಂಟದ ಹತ್ತಿರ ನೋವು. ಇದರಲ್ಲಿ ಯಾವುದು ತಾನೇ ನಮಗೆಲ್ಲ ವರ್ಷಕ್ಕೆ ನಾಲ್ಕು ಸಲ ಬಾರದೆ ಇರುತ್ತದೆ? ಗರ್ಭಕೊರಳಿನ ಕ್ಯಾನ್ಸರಿಗೆ ತಪಾಸಣೆ ಇದೆ, ಸ್ತನ ಕ್ಯಾನ್ಸರಿಗೆ ಮ್ಯಾಮೊಗ್ರಾಂ ಇದೆ. ಲಕ್ಷಣವಿಲ್ಲದ ಹೆಂಗಸಿನಲ್ಲಿ ಅಂಡಾಶಯದ ಕ್ಯಾನ್ಸರನ್ನು ಮೊದಲೇ ಹಿಡಿಯುವ, ನೆಚ್ಚಬಹುದಾದ ಪರೀಕ್ಷೆ ಇಂದಿಗೂ ಇಲ್ಲ. ಹೆಚ್ಚಿನವರಲ್ಲಿ ಮೂರನೇ ಹಂತಕ್ಕೆ ಬಂದ ಮೇಲೇ, ಇಲ್ಲವೇ ಅದನ್ನೂ ದಾಟಿದ ಮೇಲೇ ಗೊತ್ತಾಗುವುದು. ಡಾಕ್ಟರುಗಳೇ ಎಷ್ಟೋ ಸಲ ಮೊದಲು ಗ್ಯಾಸ್ಟ್ರಿಕ್ ಮಾತ್ರೆ ಬರೆದಿರುತ್ತಾರೆ. ನೀವು ಅಂದದ್ದು, ಮಗಳು ಹೊಟ್ಟೆ ಉಬ್ಬರ ಅಂದಾಗ ಮಂಡ್ಯದಿಂದ ಮಡಿಕೇರಿವರೆಗೆ ಯಾವ ತಾಯಿಯಾದರೂ ಅನ್ನುವ ಮಾತು. ಈಗ ನಿಮಗೆ ಕೊನೆ ಗೊತ್ತಿದೆ. ಅದನ್ನು ಹಿಡಿದುಕೊಂಡು ಏನೂ ಗೊತ್ತಿರದಿದ್ದ ಆವತ್ತಿನ ನಿಮ್ಮನ್ನು ಕಟಕಟೆಗೆ ನಿಲ್ಲಿಸುತ್ತಿದ್ದೀರಿ. ಇದು ನ್ಯಾಯವಲ್ಲ. ಆದರೂ ನಾನು ಹೇಳಿದ ಕೂಡಲೇ ಆ ಪಾಪಪ್ರಜ್ಞೆ ಹೋಗುವುದಿಲ್ಲ ಅಂತ ನನಗೆ ಗೊತ್ತು. ಎಷ್ಟೋ ತಾಯಂದಿರು ಅದನ್ನು ಬಿಡಲು ಒಪ್ಪುವುದಿಲ್ಲ. ತಪ್ಪು ನನ್ನದು ಅಂದುಕೊಂಡರೆ, ಕೊನೇಪಕ್ಷ ತಡೆಯುವುದು ನನ್ನ ಕೈಲಿತ್ತು ಅನ್ನುವ ನಂಬಿಕೆಯಾದರೂ ಉಳಿಯುತ್ತದೆ. ಕೈಯಲ್ಲಿ ಏನೂ ಇರಲಿಲ್ಲ ಅಂತ ಒಪ್ಪುವುದು ಅದಕ್ಕಿಂತ ಕಷ್ಟ.

ಈಗ ಆ ಬಂದುಹೋಗುವವರ ವಿಷಯ. 'ಮುತ್ತೈದೆಯಾಗಿ ಹೋದಳು' ಅನ್ನುವ ಮಾತು ಕೇಳಿದರೆ ನನಗೂ ಮೈ ಉರಿಯುತ್ತದೆ. 36ರ ಹೆಣ್ಣುಮಗಳು ಸತ್ತದ್ದರಲ್ಲಿ ಪುಣ್ಯ ಹುಡುಕುವುದು ಬಂದವರ ಸಮಾಧಾನಕ್ಕೆ. ನಿಮ್ಮ ಸಮಾಧಾನಕ್ಕೆ ಅಲ್ಲ. ಅವರ ಜೊತೆ ಜಗಳ ಬೇಡ, ತಲೆಯಾಡಿಸಲೂ ಬೇಡ. 'ಕಾಫಿ ತರ್ತೀನಿ' ಅಂತ ಎದ್ದು ಒಳಗೆ ಹೋಗಿಬಿಡಿ.

'ಮರೆತುಬಿಡಿ, ಮುಂದಕ್ಕೆ ನೋಡಿ' ಅನ್ನುವವರಿಗೆ ಮಾತ್ರ ಉತ್ತರ ಕೊಡಬೇಕು. ಯಾಕೆಂದರೆ ಒಂದು ಕಾಲದಲ್ಲಿ ಆಪ್ತಸಲಹೆ ಕೊಡುವ ನಮ್ಮ ವೃತ್ತಿಯವರೂ ಅದನ್ನೇ ಹೇಳುತ್ತಿದ್ದೆವು. ಅದರ ಬೇರು ಮನೋವಿಶ್ಲೇಷಣೆಯನ್ನು ಶುರು ಮಾಡಿದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿದೆ. ಹೋದವರ ಮೇಲೆ ಇಟ್ಟ ಮನಸ್ಸನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿಕೊಂಡು ವಾಪಸ್ ತರುವುದೇ ದುಃಖದ ಕೆಲಸ ಅನ್ನುವುದು ಅದರ ತಿರುಳು. ಮೂರು ವರ್ಷಕ್ಕೆ, 1920ರ ಜನವರಿಯಲ್ಲಿ, ಅವರ ಮಗಳು ಸೋಫಿ ಫ್ಲೂ ಜ್ವರಕ್ಕೆ ತೀರಿಕೊಂಡಳು. 26 ವರ್ಷ. ಮದುವೆಯಾಗಿತ್ತು, ಇಬ್ಬರು ಪುಟ್ಟ ಗಂಡುಮಕ್ಕಳಿದ್ದರು. ಒಂಬತ್ತು ವರ್ಷ ಕಳೆದ ಮೇಲೆ, 1929ರ ಏಪ್ರಿಲ್‌ನಲ್ಲಿ, ಮಗನನ್ನು ಕಳೆದುಕೊಂಡ ಗೆಳೆಯ ಲುಡ್ವಿಗ್ ಬಿನ್ಸ್ವಾಂಗರ್‌ಗೆ ಫ್ರಾಯ್ಡ್ ಕಾಗದ ಬರೆದರು. ಅಂದು ಸೋಫಿ ಇದ್ದಿದ್ದರೆ ಅವಳಿಗೆ 36 ತುಂಬುತ್ತಿತ್ತು ಅಂತ ಲೆಕ್ಕ ಹಾಕಿ ಬರೆದಿದ್ದರು. ಆ ಜಾಗವನ್ನು ಯಾವುದೂ ತುಂಬುವುದಿಲ್ಲ, ತುಂಬಿದರೂ ಅದು ಬೇರೆಯದೇ ಆಗಿ ಉಳಿಯುತ್ತದೆ, ಹಾಗೇ ಇರಬೇಕು ಕೂಡ, ಅನ್ನುವ ಅರ್ಥದ ಮಾತು ಅದರಲ್ಲಿದೆ. ಹನ್ನೆರಡು ವರ್ಷದ ಹಿಂದೆ ತಾವೇ ಪ್ರಕಟಿಸಿದ್ದಕ್ಕೆ ಇದು ಸ್ವಲ್ಪವೂ ಹೊಂದುವುದಿಲ್ಲ. ಸಿದ್ಧಾಂತ ಬರೆದಾಗ ಮಗಳು ಇದ್ದಳು, ಅಷ್ಟೇ ವ್ಯತ್ಯಾಸ.

ದುಃಖಕ್ಕೆ ಐದು ಹಂತ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತದಲ್ಲ, ಅದನ್ನೂ ಪಕ್ಕಕ್ಕಿಡಿ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರು ಹೇಗೆ ದುಃಖಿಸುತ್ತಾರೆ ಅನ್ನುವುದರ ಲೆಕ್ಕ ಅದಲ್ಲ. ನೀವು ಯಾವ ಹಂತದಲ್ಲೂ ಇಲ್ಲ. ಹದಿನಾಲ್ಕು ತಿಂಗಳ ಹಿಂದೆ ಮಗಳನ್ನು ಕಳೆದುಕೊಂಡಿದ್ದೀರಿ.

ಅದೇ 1969ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಇನ್ನೊಂದು ಶುರುವಾಯಿತು. ಆಸ್ಪತ್ರೆಯೊಂದರಲ್ಲಿ ಇಬ್ಬರು ಹುಡುಗರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡಿದ್ದರು. ಅವರ ಅಪ್ಪ ಅಮ್ಮಂದಿರು ಒಟ್ಟಿಗೆ ಕೂತು ಮಾತಾಡತೊಡಗಿದರು. ಬೇರೆ ಯಾರೂ ಕೇಳಿಸಿಕೊಳ್ಳಲು ಬಯಸದ ಹೆಸರುಗಳನ್ನು ಅಲ್ಲಿ ಬಾಯಿತುಂಬ ಹೇಳಬಹುದಿತ್ತು. ಅದರಿಂದಲೇ ಮಕ್ಕಳನ್ನು ಕಳೆದುಕೊಂಡವರ 'ಕಂಪ್ಯಾಷನೇಟ್ ಫ್ರೆಂಡ್ಸ್' ಅನ್ನುವ ಕೂಟ ಹುಟ್ಟಿ, ಮುಂದೆ ಅಮೆರಿಕಕ್ಕೂ ಹಬ್ಬಿತು. ಅಲ್ಲಿ ಡೆನಿಸ್ ಕ್ಲಾಸ್ ಅನ್ನುವ ಪ್ರಾಧ್ಯಾಪಕರು ಇಂಥ ತಂದೆತಾಯಿಯರ ಜೊತೆ ವರ್ಷಗಟ್ಟಲೆ ಕೂತು ಕೇಳಿದರು. ಯಾರೂ ಮಕ್ಕಳನ್ನು 'ಬಿಟ್ಟುಕೊಟ್ಟಿರಲಿಲ್ಲ'. ಸಂಬಂಧ ಬೇರೆ ರೂಪದಲ್ಲಿ ನಡೆಯುತ್ತಲೇ ಇತ್ತು, ಮತ್ತು ಅದು ಕಾಯಿಲೆ ಆಗಿರಲಿಲ್ಲ. 1996ರಲ್ಲಿ ಕ್ಲಾಸ್ ಮತ್ತು ಇಬ್ಬರು ಸಂಗಡಿಗರು ಅದಕ್ಕೊಂದು ಹೆಸರು ಕೊಟ್ಟರು. ಮುಂದುವರಿಯುವ ನಂಟು ಅಂತ ಕನ್ನಡದಲ್ಲಿ ಹೇಳಬಹುದು.

ನಮ್ಮವರಿಗೆ ಇದನ್ನು ಪ್ರೊಫೆಸರುಗಳು ಹೇಳಿಕೊಡಬೇಕಾಗಿರಲಿಲ್ಲ ಅನ್ನಿ. ಕರಾವಳಿಯ ಕಡೆ ಮದುವೆಯಾಗದೆ ಸತ್ತ ಮಗಳಿಗೆ, ಅವಳಿಗೆ ಮದುವೆಯ ವಯಸ್ಸು ಆಗುತ್ತಿದ್ದ ಹೊತ್ತಿಗೆ, ಹಾಗೇ ತೀರಿಕೊಂಡ ಇನ್ನೊಂದು ಮನೆಯ ಹುಡುಗನನ್ನು ಹುಡುಕಿ ಆಟಿ ತಿಂಗಳಲ್ಲಿ ಪ್ರೇತಮದುವೆ ಮಾಡುತ್ತಾರೆ. ತುಳುವಿನಲ್ಲಿ ಕುಲೆ ಮದಿಮೆ. ಸೀರೆ, ರವಿಕೆ, ಬಳೆ, ಎರಡು ಮನೆಯವರ ಮಾತುಕತೆ, ಊಟ, ಎಲ್ಲ ಇರುತ್ತದೆ. ನಂಬಿಕೆಯೋ ಮೂಢನಂಬಿಕೆಯೋ ಅನ್ನುವ ಚರ್ಚೆ ನನಗೆ ಬೇಡ. ಅಲ್ಲಿ ಕೂತ ತಾಯಿಗೆ ಆವತ್ತು ಒಂದು ದಿನ ಎಲ್ಲರ ಎದುರು ಮಗಳ ಹೆಸರು ಹೇಳಿ ಕರೆಯಲು ಆಗುತ್ತದಲ್ಲ, ನನ್ನ ಕಣ್ಣು ಅದರ ಮೇಲೆ.

ನಮ್ಮ ಅಜ್ಜಿಯನ್ನು ಎಷ್ಟು ಮಕ್ಕಳು ಅಂತ ಕೇಳಿದರೆ 'ಏಳು' ಅನ್ನುತ್ತಿದ್ದರು. ಇದ್ದವರು ಐದೇ ಜನ. ಚಿಕ್ಕವಳಿದ್ದಾಗ ನಾನು ಲೆಕ್ಕ ತಿದ್ದಲು ಹೋಗಿ ಬೈಸಿಕೊಂಡಿದ್ದೇನೆ. ನಿಮ್ಮನ್ನೂ ಮದುವೆ ಮನೆಗಳಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಿಮ್ಮ ಲೆಕ್ಕ ನಿಮ್ಮದು. ಎದುರಿಗಿರುವವರ ಮುಖ ನೋಡಿ ಇಡೀ ಕಥೆ ಹೇಳಿ ಇಲ್ಲವೇ ಹೇಳದಿರಿ, ಸಂಖ್ಯೆಯನ್ನು ಮಾತ್ರ ಕಡಿಮೆ ಮಾಡಬೇಡಿ.

ಸರಿ, ಬರವಣಿಗೆಗೆ ಬರೋಣ. ನನ್ನ ಮುಖ್ಯ ಮಾತು ಇಲ್ಲಿದೆ. ಮಗಳು ಬೆಳೆದು ದೊಡ್ಡವಳಾಗಿ ಹೋದಾಗ, ಅವಳ ಬದುಕಿನ ಅರ್ಧ ನಿಮ್ಮ ಹತ್ತಿರ ಇರುವುದೇ ಇಲ್ಲ. ಮೊದಲ ಹದಿನೆಂಟು ವರ್ಷಕ್ಕೆ ನೀವು ಸಾಕ್ಷಿ. ಆಮೇಲಿನದು ಹಾಸ್ಟೆಲ್ ರೂಮ್‌ಮೇಟ್ ಹತ್ತಿರ ಇದೆ, ಬ್ಯಾಂಕಿನ ಕೌಂಟರಿನ ಪಕ್ಕದವಳ ಹತ್ತಿರ ಇದೆ, ಗಂಡನ ಹತ್ತಿರ, ಅತ್ತೆಯ ಹತ್ತಿರ, ದಿನಾ ತರಕಾರಿ ಕೊಡುತ್ತಿದ್ದವನ ಹತ್ತಿರ ಇದೆ. ನಿಮಗೆ ನೆನಪಾಗುತ್ತಿಲ್ಲ ಅಂತ ನೀವು ಅಂದುಕೊಂಡಿರುವ ಎಷ್ಟೋ ಸಂಗತಿ ನಿಮಗೆ ಗೊತ್ತೇ ಇರಲಿಲ್ಲ. ಹೊಸದಾಗಿ ಕೇಳಿ ತಿಳಿದುಕೊಳ್ಳುವುದು ಇನ್ನೂ ಬಾಕಿ ಇದೆ. ಮಗಳು ಹೋದ ಮೇಲೂ ಅವಳ ಬಗ್ಗೆ ಹೊಸ ಸುದ್ದಿ ಬರುವುದು ಎಂಥದ್ದು ಅಂತ ಅನುಭವಿಸಿದವರಿಗೇ ಗೊತ್ತು.

ಕೇಳುವುದಕ್ಕೂ ಒಂದು ರೀತಿ ಇದೆ. 'ಅವಳು ಹೇಗಿದ್ದಳಪ್ಪಾ?' ಅಂತ ಕೇಳಿದರೆ 'ತುಂಬಾ ಒಳ್ಳೆಯವಳು ಆಂಟಿ' ಅಂತ ಹೇಳಿ ಅತ್ತುಬಿಡುತ್ತಾರೆ. ಅದರಿಂದ ಮೊಮ್ಮಗಳಿಗೆ ಏನೂ ಸಿಗುವುದಿಲ್ಲ. ಸಣ್ಣದು ಕೇಳಿ. ಊಟದ ಡಬ್ಬಿ ತೆಗೆದರೆ ಮೊದಲು ಯಾರ ಡಬ್ಬಿಗೆ ಕೈ ಹಾಕುತ್ತಿದ್ದಳು? ಯಾವುದಕ್ಕೆ ಸಿಟ್ಟು ಬರುತ್ತಿತ್ತು? ಮ್ಯಾನೇಜರ್ ಬೈದ ದಿನ ಏನು ಮಾಡುತ್ತಿದ್ದಳು? ಯಾವ ಅಡುಗೆ ಕೆಡಿಸುತ್ತಿದ್ದಳು? ಹೀಗೆ ಕೇಳಿ ಬಂದ ಒಬ್ಬ ತಾಯಿಗೆ ಮಗಳ ಸಹೋದ್ಯೋಗಿ ಹೇಳಿದ್ದು ಇದು: ಪಿಂಚಣಿ ದಿನ ಬರುವ ಮುದುಕರಿಗೆ ಫಾರಂ ತುಂಬಿಕೊಡಲು ಮಗಳು ಡ್ರಾಯರಿನಲ್ಲಿ ಎರಡು ಜೊತೆ ಓದುವ ಕನ್ನಡಕ ಇಟ್ಟುಕೊಂಡಿದ್ದಳಂತೆ. ಅವರು ತಂದಿರದಿದ್ದರೆ ಕೊಡಲು. ತಾಯಿಗೆ ಅದು ಗೊತ್ತೇ ಇರಲಿಲ್ಲ. ಆ ಸಂಜೆ ನನಗೆ ಫೋನ್ ಮಾಡಿ, ಅಳುತ್ತಾ ನಗುತ್ತಾ, 'ಮನೇಲಿ ನನ್ನ ಕನ್ನಡಕ ಎಲ್ಲಿಟ್ಟೆ ಅಂದ್ರೆ ಬೈತಿದ್ದಳು ಕಣ್ರೀ' ಅಂದರು.

ಬೈದದ್ದೂ ಬರಲಿ ನಿಮ್ಮ ನೋಟ್‌ಬುಕ್‌ನಲ್ಲಿ. ಹೋದವರನ್ನು ದೇವರು ಮಾಡಿಬಿಡುತ್ತೇವೆ ನಾವು. ಫೋಟೋಗೆ ಹಾರ, ಊದುಬತ್ತಿ, ಬಾಯಿ ಬಿಟ್ಟರೆ ಬಂಗಾರದಂಥವಳು. ಮೊಮ್ಮಗಳು ನಾಳೆ ಹದಿನೈದು ವರ್ಷದವಳಾಗಿ ಬಾಗಿಲು ಬಡಿದು ರೂಮಿನಲ್ಲಿ ಕೂರುತ್ತಾಳೆ. ಆಗ ಅವಳಿಗೆ ಬೇಕಾಗುವುದು ಹತ್ತನೇ ಕ್ಲಾಸಿನಲ್ಲಿ ಗಣಿತದ ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟ ಅಮ್ಮ. ನಿಮ್ಮ ಜೊತೆ ವಾರಗಟ್ಟಲೆ ಮಾತು ಬಿಟ್ಟ ಅಮ್ಮ. ಅಂಥ ಜಗಳ ನಡೆದಿದ್ದರೆ ಯಾಕೆ ನಡೆಯಿತು, ಯಾರು ಮೊದಲು ಮಾತಾಡಿದರು ಅಂತ ಬರೆಯಿರಿ. ನಿಮ್ಮ ತಪ್ಪಿದ್ದರೆ ಅದನ್ನೂ.

ಹುಟ್ಟಿದ ದಿನದಿಂದ ಶುರು ಮಾಡಬೇಡಿ, ಕ್ರಮವೂ ಬೇಡ. ಒಂದು ಪುಟಕ್ಕೆ ಒಂದು ವಸ್ತು ಸಾಕು. ಅವಳ ಜಾಮಿಟ್ರಿ ಬಾಕ್ಸ್ ಇದ್ದರೆ ಅದು. ಬೈತಲೆಗೆ ಬಳಸುತ್ತಿದ್ದ ಬಾಚಣಿಗೆ. ನಿಮ್ಮ ಫೋನಿನ ಯುಪಿಐ ಪಿನ್. ಅದನ್ನು ಹಾಕಿಕೊಟ್ಟವಳು ಅವಳೇ ಆಗಿರಬೇಕು, ಆ ನಾಲ್ಕೋ ಆರೋ ಅಂಕಿ ಅವಳೇ ಆರಿಸಿದ್ದು. ಎಷ್ಟೋ ತಾಯಂದಿರು ಹಾಲಿನವನಿಗೆ ದುಡ್ಡು ಹಾಕುವಾಗ ದಿನಾ ಅದೇ ಅಂಕಿ ಒತ್ತುತ್ತಾರೆ. (ಅಂಕಿ ಮಾತ್ರ ಬರೆಯಬೇಡಿ, ಬಳಸಿದ ಕಥೆ ಬರೆಯಿರಿ.) ಬರೆಯಲು ಕೈ ಓಡದಿದ್ದರೆ ಫೋನಿನ ರೆಕಾರ್ಡರ್ ಒತ್ತಿ ಮಾತಾಡಿ. ಮುಂದೊಂದು ದಿನ ಮೊಮ್ಮಗಳಿಗೆ ನಿಮ್ಮ ದನಿಯೂ ಬೇಕಾಗುತ್ತದೆ.

ಬಟ್ಟೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಹೊಸಬಳಾಗಿದ್ದಾಗ ಒಬ್ಬ ತಾಯಿಗೆ, 'ಬೀರು ಖಾಲಿ ಮಾಡಿ, ಮನಸ್ಸು ಹಗುರ ಆಗುತ್ತೆ' ಅಂದುಬಿಟ್ಟಿದ್ದೆ. ಓದಿಕೊಂಡು ಬಂದ ಜೋರಿತ್ತು. ಅವರು ಎಲ್ಲವನ್ನೂ ಒಂದೇ ದಿನದಲ್ಲಿ ಕೊಟ್ಟುಬಿಟ್ಟರು. ಎರಡು ತಿಂಗಳು ಬಿಟ್ಟು ಬಂದು, 'ಒಂದು ವೇಲ್ ಆದರೂ ಇಟ್ಕೊಳ್ಳಿ ಅಂತ ಹೇಳಬಾರದಿತ್ತಾ ಮೇಡಂ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಗೆಯದ ಬಟ್ಟೆ ಯಾವುದಾದರೂ ಉಳಿದಿದ್ದರೆ ಗಾಳಿಯಾಡದ ಕವರಿನಲ್ಲಿ ಹಾಕಿಡಿ, ವಾಸನೆ ಸ್ವಲ್ಪ ಕಾಲ ನಿಲ್ಲುತ್ತದೆ. ಉಳಿದದ್ದನ್ನು ಕೊಡುವ ಅವಸರ ಯಾರಿಗೂ ಇಲ್ಲ.

ಮೊಮ್ಮಗಳು ದಸರಾ ರಜೆಗೆ ಬಂದರೆ ಅವಳ ಎದುರು ಅಮ್ಮನ ಹೆಸರು ಎತ್ತಿ. 'ಅಮ್ಮ ಊರಿಗೆ ಹೋಗಿದ್ದಾಳೆ', 'ನಕ್ಷತ್ರ ಆಗಿದ್ದಾಳೆ' ಅನ್ನಬೇಡಿ. ಎಂಟು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಸತ್ತವರು ವಾಪಸ್ ಬರುವುದಿಲ್ಲ ಅಂತ ಗೊತ್ತಿರುತ್ತದೆ. ಕೇಳಿದರೆ ಅಜ್ಜಿ ಅಳುತ್ತಾರೆ ಅಂತಲೂ ಗೊತ್ತಿರುತ್ತದೆ. ಅದಕ್ಕೇ ಎಷ್ಟೋ ಮಕ್ಕಳು ಸುಮ್ಮನಿರುತ್ತವೆ. 'ನಾನು ಅತ್ತರೂ ಪರವಾಗಿಲ್ಲ, ನೀನು ಕೇಳು' ಅಂತ ಒಂದು ಸಲ ಬಾಯಿಬಿಟ್ಟು ಹೇಳಿ.

ಎಡೆಯ ವಿಷಯ. ನಾನು ಪುರೋಹಿತಳಲ್ಲ, ಆದರೂ ನೋಡಿದ್ದನ್ನು ಹೇಳುತ್ತೇನೆ. ಪಿತೃಪಕ್ಷದ ಒಂಬತ್ತನೇ ದಿನಕ್ಕೆ ಅವಿಧವಾ ನವಮಿ ಅನ್ನುತ್ತಾರೆ, ಮುತ್ತೈದೆಯಾಗಿ ತೀರಿಕೊಂಡವರಿಗೆಂದೇ ಇರುವ ದಿನ. ಅದರ ಶಾಸ್ತ್ರ ಗಂಡನ ಮನೆಯದು. ಆ ಹಕ್ಕಿಗಾಗಿ ಅಳಿಯನ ಜೊತೆ ಹಗ್ಗಜಗ್ಗಾಟ ಬೇಡ. ನಿಮ್ಮ ಕಡೆ ಮಹಾಲಯ ಅಮಾವಾಸ್ಯೆಯ ಎಡೆ ಇದೆಯಲ್ಲ, ಅದು ಹೆಚ್ಚಾಗಿ ಮನೆಯವರ ಪ್ರೀತಿಯ ಲೆಕ್ಕದಲ್ಲಿ ನಡೆಯುವಂಥದ್ದು. ತಾತನಿಗೆ ಬೀಡಿ ಇಡುತ್ತಾರೆ, ಚಿಕ್ಕಪ್ಪನಿಗೆ ಕ್ವಾರ್ಟರ್ ಬಾಟ್ಲಿ ಇಡುತ್ತಾರೆ. ಆಗ ಯಾರೂ ಶಾಸ್ತ್ರ ಕೇಳುವುದಿಲ್ಲ, ಮಗಳ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಶಾಸ್ತ್ರ ನೆನಪಾಗುತ್ತದೆ. ಊರವರ ಮಾತು ಬೇಡ ಅನಿಸಿದರೆ ಹಿರಿಯರ ಎಡೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಎಲೆ ಹಾಕಿ. ಅವಳಿಗೆ ಇಷ್ಟವಾದದ್ದು ಬಡಿಸಿ. ಗೋಬಿ ಮಂಚೂರಿ ಇಷ್ಟವಿತ್ತಾ? ಗೋಬಿ ಮಂಚೂರಿಯೇ ಇಡಿ, ಬೀದಿ ಗಾಡಿಯಿಂದ ತಂದದ್ದಾದರೂ ಸರಿ. ಅದೇ ದಿನ ಅಳಿಯನಿಗೂ ಫೋನ್ ಮಾಡಿ, ಅಲ್ಲಿ ಏನು ಇಟ್ಟರು ಅಂತ ಕೇಳಿ.

ನೀವು ಬರೆಯದೆ ಬಿಟ್ಟ ಒಂದು ಸಂಗತಿ ಇರಬಹುದು. ಗೇಟು ಕಿರ್ ಅಂದಾಗ ಅವಳೇ ಬಂದಳು ಅನಿಸುವುದು, ಅಡುಗೆಮನೆಯಲ್ಲಿ ಕರೆದ ಹಾಗಾಗುವುದು. ಹಾಗಾಗುತ್ತಿದ್ದರೆ ಹೆದರಬೇಡಿ. ವೇಲ್ಸಿನ ಡಾಕ್ಟರ್ ಡೀವಿ ರೀಸ್ 1971ರಲ್ಲಿ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಕೇಳಿ ನೋಡಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಜನ ಇಂಥದ್ದೇನೋ ಹೇಳಿದರು. ಬಹುಪಾಲು ಮಂದಿ ಅದುವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಅದು ಹುಚ್ಚಲ್ಲ.

ಆದರೆ ಕೆಲವು ಬೇರೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ಶೋಕ ಅನ್ನುವ ಹೊಸ ಹೆಸರು ಸೇರಿದೆ. ಆರು ತಿಂಗಳು ದಾಟಿದ ಮೇಲೂ ದಿನವಿಡೀ ಅದೇ ಹಂಬಲ, ಬದುಕಿನ ಯಾವ ಕೆಲಸಕ್ಕೂ ಕೈ ಏಳದಿರುವುದು, ಆಯಾ ಜನರ ರೂಢಿಯನ್ನೂ ಮೀರಿದ ತೀವ್ರತೆ, ಇವು ಅದರ ಗುರುತು. ಅಮೆರಿಕದ ಮನೋವೈದ್ಯರು ದೊಡ್ಡವರಿಗೆ ಒಂದು ವರ್ಷದ ಗಡುವು ಇಟ್ಟಿದ್ದಾರೆ. ಬರೆಯಬೇಕು ಅಂತ ಕೂರುವವರು, ಎಡೆಯ ಬಗ್ಗೆ ಯೋಚಿಸುವವರು ನೀವು. ಓದಿದ ಮಟ್ಟಿಗೆ ನನಗೆ ಹಾಗೆ ಕಾಣುವುದಿಲ್ಲ. ಆದರೆ ಕಾಗದ ನೋಡಿ ಕಾಯಿಲೆ ಹೇಳಬಾರದು. ನಿದ್ದೆ ಊಟ ಪೂರ್ತಿ ಬಿಟ್ಟಿದ್ದರೆ, 'ನಾನೂ ಅವಳ ಹಿಂದೆ ಹೋಗಬೇಕು' ಅನ್ನುವುದು ಬರೀ ಮಾತಾಗಿರದೆ ಹೇಗೆ ಅನ್ನುವ ಯೋಚನೆಯಾಗಿದ್ದರೆ, ಒಂದು ದಿನವೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ದುಡ್ಡು ಬೇಡ, ರಾತ್ರಿ ಎರಡಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ.

ಈಗ ಸ್ಕೂಟಿ. ನೆದರ್ಲೆಂಡ್ಸಿನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಒಂದು ಮಾತು ಹೇಳಿದರು. ದುಃಖದಲ್ಲಿರುವವರು ಎರಡು ದಡಗಳ ನಡುವೆ ಓಡಾಡುತ್ತಿರುತ್ತಾರೆ. ಒಂದು ದಡದಲ್ಲಿ ಹೋದವರ ನೆನಪು, ಅಳು. ಇನ್ನೊಂದರಲ್ಲಿ ಇವತ್ತಿನ ಕೆಲಸ, ಹೊಲ, ಬಿಲ್ಲು, ಮೋಟಾರು ರಿಪೇರಿ. ಎರಡೂ ಬೇಕು. ಒಂದೇ ಮನೆಯಲ್ಲಿ ಒಬ್ಬರು ಹೆಚ್ಚಾಗಿ ಈ ದಡದಲ್ಲಿ, ಇನ್ನೊಬ್ಬರು ಆ ದಡದಲ್ಲಿ ಇದ್ದುಬಿಟ್ಟರೆ 'ಇವರಿಗೆ ದುಃಖವೇ ಇಲ್ಲ' ಅನಿಸುತ್ತದೆ. ನಿಮ್ಮ ಯಜಮಾನರು ಮಗಳ ಬಗ್ಗೆ ಮಾತಾಡುವುದಿಲ್ಲ ಅಂತ ಬರೆದಿದ್ದೀರಿ. ವಾರಕ್ಕೆ ಐದು ನಿಮಿಷ ಮಾತಾಡುತ್ತಿದ್ದಾರಲ್ಲ.

ಬರುವ ಭಾನುವಾರ ನೀವೂ ಹೋಗಿ ಪಕ್ಕದಲ್ಲಿ ನಿಂತುಕೊಳ್ಳಿ. ಏನೂ ಕೇಳಬೇಡಿ. ಬೇಕಾದರೆ ಒಂದು ವಿಷಯ ಹೇಳಿ: ನಮ್ಮ ಬೀದಿಯ ಮೆಕ್ಯಾನಿಕ್ ಪ್ರಕಾರ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಬ್ಯಾಟರಿಗೆ ಸಾಲುವುದಿಲ್ಲ, ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲ್ ಕೂಡ ಕೆಡುತ್ತದೆ. ಗಾಡಿ ಸ್ವಲ್ಪ ಓಡಬೇಕು. ಹೆಲ್ಮೆಟ್ ಎರಡಿವೆಯಾ ನೋಡಿಕೊಳ್ಳಿ, ಇನ್ಶೂರೆನ್ಸ್ ಮುಗಿದಿದ್ದರೆ ಮಾಡಿಸಿ. ಆಮೇಲೆ ಹಿಂದೆ ಕೂತು ಅವಳ ಕಾಲೇಜಿನ ತನಕ ಹೋಗಿ ಬನ್ನಿ.